ಬಾಡಿದ ಡೇರೆ ಹೂಗಳ ಲೆಕ್ಕದಲ್ಲಿ ಕೆಲವು ಥ್ಯಾಂಕ್ಸ್

ಪಕ್ಷಮಾಸದಲ್ಲಿ ನಮ್ಮ ಕಡೆ ಮದುವೆ ಇರುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತಮುತ್ತ ಮದುವೆ ಫೋಟೋ ತೆಗೆದು ಬದುಕುವ ನನಗೆ ಅದು ಬಾಕಿ ಆಲ್ಬಮ್ ಮುಗಿಸುವ ಹೊತ್ತು. ಈ ಸಲ ಕಂಪ್ಯೂಟರ್ ಮುಂದೆ ಕೂತರೂ ಕೈ ಓಡಲಿಲ್ಲ. ಬೇಸಿಗೆಯಲ್ಲಿ ಆಸೆಗೆ ಬಿದ್ದು ಒಂದೇ ದಿನ ಎರಡೆರಡು ಮುಹೂರ್ತ ಒಪ್ಪಿಕೊಂಡಿದ್ದೆ. ರಾತ್ರಿಯೆಲ್ಲ ಮುಖಗಳ ಮೇಲಿನ ಕಲೆ, ಸುಕ್ಕು ಅಳಿಸುತ್ತಾ ಕೂತಿದ್ದೆ. ಕೊನೆಗೆ ಎಲ್ಲ ಮದುಮಕ್ಕಳೂ ಒಂದೇ ಥರ ಕಾಣುತ್ತಿದ್ದರು.

ಮೊದಲ ಥ್ಯಾಂಕ್ಸ್ ಅಮ್ಮನಿಗೆ. ಡೇರೆ ಹೂ, ಅಂದರೆ ಡೇಲಿಯಾ, ಬಾಡುತ್ತಿದ್ದಂತೆ ಚಿವುಟಿ ಹಾಕುವುದು ಅವಳ ಅಭ್ಯಾಸ, ಮುಂದಿನ ಮೊಗ್ಗಿಗೆ ಬಲ ಬರಲಿ ಅಂತ. ಈ ಮಳೆಗಾಲ ಮಂಡಿನೋವಿನಿಂದ ಅಂಗಳಕ್ಕೆ ಇಳಿಯಲಿಲ್ಲ. ಹೂಗಳು ಗಿಡದಲ್ಲೇ ಉಳಿದವು. ಮಂಡಿನೋವಿಗೆ ಥ್ಯಾಂಕ್ಸ್ ಹೇಳಿದರೆ ಪಾಪ ಬರುತ್ತದೆ, ಅಮ್ಮನಿಗೆ ಹೇಳಿ ಸುಮ್ಮನಾಗುತ್ತೇನೆ.

ಡೇರೆ ಬಾಡುವುದನ್ನು ನಾನು ನೋಡಿಯೇ ಇರಲಿಲ್ಲ. ಹೊರಸುತ್ತಿನ ಎಸಳು ಮೊದಲು ಅರಳುತ್ತದಲ್ವಾ, ಬಾಡುವುದೂ ಅದೇ ಮೊದಲು. ಹಿಂದಿನ ಸಾಲು ಕಂದಾಗಿ ತೊಟ್ಟಿನ ಕಡೆ ಮಡಚಿಕೊಂಡರೂ ನಡುವೆ ಇನ್ನೂ ಅರಳದ ಎಸಳುಗಳು ಮುಷ್ಟಿ ಕಟ್ಟಿಕೊಂಡಿರುತ್ತವೆ. ಹುಳ ತಿಂದ ತೂತಿನಲ್ಲಿ ಮಳೆಹನಿ ನಿಂತಿರುತ್ತದೆ. ಆಲ್ಬಮ್ ಕೆಲಸ ಬದಿಗಿಟ್ಟು, ಸಣ್ಣದು ದೊಡ್ಡದಾಗಿ ಕಾಣಲಿ ಅಂತ ಹಳೇ 50 ಎಂಎಂ ಲೆನ್ಸನ್ನು ರಿವರ್ಸ್ ರಿಂಗ್‌ನಲ್ಲಿ ಹಿಂದುಮುಂದಾಗಿ ತಿರುಗಿಸಿ ಕ್ಯಾಮೆರಾಗೆ ಹಾಕಿದೆ. ಹಾಗೆ ಹಾಕಿದರೆ ಫೋಕಸ್‌ಗೆ ಮೈಯನ್ನೇ ಹಿಂದೆ ಮುಂದೆ ತೂಗಬೇಕು, ಉಸಿರು ಬಿಟ್ಟರೂ ಎಸಳಿನ ಅಂಚು ಮಸುಕು. ಮೋಡದ ಬೆಳಕು, ಸಣ್ಣ ಗಾಳಿ. ಒಂದು ಬೆಳಗಿಗೆ ಎರಡು ಫೋಟೋ ಸರಿ ಬಂದರೆ ಜಾಸ್ತಿ. ಯಾರೂ ಅವಸರ ಮಾಡಲಿಲ್ಲ, ಯಾವ ಕಲೆಯನ್ನೂ ಅಳಿಸಲಿಲ್ಲ.

ಎರಡು ವಾರ ಫೋನ್ ಎತ್ತಿ ಗಿರಾಕಿಗಳ ಮಾತು ಕೇಳಿಸಿಕೊಂಡ ನನ್ನ ಅಸಿಸ್ಟೆಂಟ್ ಹುಡುಗನಿಗೆ ಥ್ಯಾಂಕ್ಸ್. ತಡವಾದರೂ ಬೈಯದೆ ಕಾದ ಮನೆಗಳಿಗೂ. ಬೈದವರದ್ದೂ ತಪ್ಪಿಲ್ಲ ಬಿಡಿ.

ಮತ್ತೆ ಕೂತು ಮುಗಿಸಿದ ಮೊದಲ ಆಲ್ಬಮ್‌ನಲ್ಲಿ ಮದುಮಗಳ ಅಜ್ಜಿಯ ಸುಕ್ಕುಗಳನ್ನು ಹಾಗೇ ಬಿಟ್ಟೆ. ಆ ಮನೆಯವರು ಅಜ್ಜಿಯ ಫೋಟೋ ಒಂದನ್ನೇ ದೊಡ್ಡದು ಮಾಡಿಸಿಕೊಂಡರು. ಈಗ ಬಾಕಿ ಯಾವುದೂ ಇಲ್ಲ. ಈ ಬರಹ ಬರೆಯಲು ಧೈರ್ಯ ಬಂದದ್ದೂ ಅದಕ್ಕೇ.

ಕೊನೆಯ ಥ್ಯಾಂಕ್ಸ್ ಡೇರೆ ಗೆಡ್ಡೆ ಕೊಟ್ಟ ಪಕ್ಕದ ಮನೆ ಅತ್ತೆಗೆ. ಮೊನ್ನೆ ಗೆಡ್ಡೆ ಕಿತ್ತು, ಮೊಳಕೆ ಬರುವ ಬುಡದ ಕಣ್ಣು ಮುರಿಯದ ಹಾಗೆ ಒಣ ಮರಳಿನ ಬುಟ್ಟಿಗೆ ಹಾಕಿದ್ದೇವೆ. ಬಣ್ಣದ ಗುರುತಿಗೆ ಅಮ್ಮ ಕಟ್ಟುತ್ತಿದ್ದ ಬಟ್ಟೆಚೂರು ಈ ವರ್ಷ ಕಟ್ಟಿಲ್ಲ. "ಹಳದಿ ಯಾವುದು, ನೇರಳೆ ಯಾವುದು? ನಿನ್ನ ಫೋಟೋ ನೋಡಿ ಹೇಳು ಮಾರಾಯಾ" ಎಂದರು ಅತ್ತೆ. ಫೋಟೋಗಳನ್ನೆಲ್ಲ ತೆಗೆದು ನೋಡಿದೆವು. ಎಲ್ಲವೂ ಕಂದು.