ಸಾರಿನ ಉಪ್ಪಾಗೆ ಬೇರೆ, ಡಬ್ಬಿಯ ಉಪ್ಪಾಗೆ ಬೇರೆ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟವನ್ನು ತಪ್ಪದೇ ಓದುವವನು ನಾನು. ಫ್ಯಾಟಿ ಲಿವರ್‌ಗೆ ಅರಿಶಿನ ಒಳ್ಳೆಯದು, ಗ್ರೀನ್ ಟೀ ಒಳ್ಳೆಯದು, ಉಪ್ಪಾಗೆ (ನಮ್ಮ ಕಡೆ ಸಾರಿನ ಹುಳಿಗೆ ಹಾಕುವ ಕಾಡಿನ ಹಣ್ಣು) ಒಳ್ಳೆಯದು ಅಂತ ಬರುವ ಬರಹಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅವುಗಳಲ್ಲಿ ಒಂದು ಮಾತು ಮಾತ್ರ ಇರುವುದೇ ಇಲ್ಲ. ಎಷ್ಟು ಅನ್ನೋದು. ಅದನ್ನು ಕೇಳದೆ ನಾನು ಪಟ್ಟ ಪಾಡು ಹೇಳುತ್ತೇನೆ.

ನಮ್ಮದು ಶಿರಸಿ ಕಡೆಯ ಮನೆ. ಮಳೆಗಾಲದಲ್ಲಿ ಉಪ್ಪಾಗೆ ಹಣ್ಣು ಹೆಕ್ಕಿ ತಂದು, ಬೀಜ ಬಿಡಿಸಿ, ಸಿಪ್ಪೆಯನ್ನು ಒಲೆಯ ಮೇಲೆ ಹರಡಿ ಒಣಗಿಸುತ್ತಿದ್ದೆವು. ಹೊಗೆ ಕುಡಿದು ಕುಡಿದು ಅದು ಕಪ್ಪಗೆ, ಚರ್ಮದ ಹಾಗೆ ಆಗುತ್ತಿತ್ತು. ಐದಾರು ಜನರ ಸಾರಿಗೆ ಆಯಿ ಹಾಕುತ್ತಿದ್ದದ್ದು ಎರಡೇ ಚೂರು. ಅದನ್ನೂ ಕುದಿ ಬಂದ ಮೇಲೆ ತೆಗೆದುಬಿಡುತ್ತಿದ್ದಳು.

ಎರಡು ವರ್ಷದ ಹಿಂದೆ ಹೊಟ್ಟೆ ಸ್ಕ್ಯಾನ್ ಮಾಡಿಸಿದಾಗ ಫ್ಯಾಟಿ ಲಿವರ್ ಅಂತ ಬಂತು. ಕುಡಿಯುವ ಅಭ್ಯಾಸ ನನಗಿಲ್ಲ. ಲಿವರ್‌ನಲ್ಲಿ ಕೊಬ್ಬು ಶೇ 5 ದಾಟಿದರೆ ಫ್ಯಾಟಿ ಲಿವರ್ ಅನ್ನುತ್ತಾರೆ, ಕೂತೇ ಕೆಲಸ ಮಾಡುವವರು ತಟ್ಟೆ ತುಂಬ ಅನ್ನ, ದಿನಕ್ಕೆ ನಾಲ್ಕು ಸಲ ಸಕ್ಕರೆ ಟೀ, ಸಂಜೆ ಬೇಕರಿ ತಿಂಡಿ ಅಂತ ತಿಂದರೆ ಹೆಚ್ಚಾದ ಸಕ್ಕರೆಯನ್ನು ಲಿವರ್ ಕೊಬ್ಬು ಮಾಡಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ ಅಂತ ಡಾಕ್ಟರು ಬಿಡಿಸಿ ಹೇಳಿದರು. ತೂಕ ಶೇ 7ರಿಂದ 10ರಷ್ಟು ಇಳಿಸಿ ಅಂದರು. 82 ಕೆ.ಜಿ. ಇದ್ದ ನಾನು ಆರರಿಂದ ಎಂಟು ಕೆ.ಜಿ. ಇಳಿಸಬೇಕಿತ್ತು, ಅಷ್ಟೇ. ಆದರೆ ನಾನು ಹೋಗಿದ್ದು ಅಂಗಡಿಗೆ. ಉಪ್ಪಾಗೆ ಸಾರದ ಮಾತ್ರೆ, ಒಂದೊಂದು 500 ಮಿಲಿಗ್ರಾಂ, ದಿನಕ್ಕೆ ಮೂರು. 'ನಿಮ್ಮ ಕಾಡಿನದ್ದೇ ಅಲ್ವಾ, ಇದರಿಂದ ಏನಾಗುತ್ತೆ' ಅಂದ ಅಂಗಡಿಯವ. ನನಗೂ ಹಾಗೇ ಅನ್ನಿಸಿತು.

ಮೂರನೇ ತಿಂಗಳಿಗೆ ಮೈ ಕೆರೆತ, ಮೂತ್ರ ಕಡುಹಳದಿ. ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಅನ್ನುವ ಕಿಣ್ವ ಮೊದಲು 70 ಇದ್ದದ್ದು 412ಕ್ಕೆ ಹೋಗಿತ್ತು. ಬೇರೆ ಕಾರಣ ಏನಾದರೂ ಇದೆಯಾ ಅಂತ ಎಲ್ಲ ಪರೀಕ್ಷೆ ಮಾಡಿ, ಕೊನೆಗೆ ಡಾಕ್ಟರು ಆ ಮಾತ್ರೆ ನಿಲ್ಲಿಸಿದರು. ಎರಡು ತಿಂಗಳಲ್ಲಿ ಅದು 58ಕ್ಕೆ ಇಳಿಯಿತು.

ಆಮೇಲೆ ಓದಿದೆ. ಉಪ್ಪಾಗೆಯ ಹುಳಿಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಸಕ್ಕರೆ ಕೊಬ್ಬಾಗಲು ಬೇಕಾದ ಒಂದು ಕಿಣ್ವವನ್ನು ತಡೆಯುವುದು ನಿಜ. ಆದರೆ ಅಮೆರಿಕದಲ್ಲಿ 135 ಜನರಿಗೆ 12 ವಾರ ಕೊಟ್ಟು ನೋಡಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮದ್ದೇ ಇಲ್ಲದ ಖಾಲಿ ಮಾತ್ರೆ ನುಂಗಿದವರಿಗಿಂತ ಇದನ್ನು ನುಂಗಿದವರ ತೂಕ ಜಾಸ್ತಿಯೇನೂ ಇಳಿಯಲಿಲ್ಲ. ಇಂಥ ಮಾತ್ರೆ ತಿಂದು ಲಿವರ್ ಕೆಟ್ಟು, ಲಿವರ್ ಕಸಿಯವರೆಗೆ ಹೋದವರೂ ಹೊರದೇಶಗಳಲ್ಲಿದ್ದಾರೆ.

ಅರಿಶಿನದ್ದೂ ಇದೇ ಕಥೆ. ತಿಂದ ಅರಿಶಿನದಲ್ಲಿರುವ ಕರ್ಕ್ಯುಮಿನ್ ಅನ್ನುವ ಅಂಶ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಜೊತೆಗೆ ಕರಿಮೆಣಸಿನ ಪೈಪರಿನ್ ಕೊಟ್ಟರೆ ಅದು ಇಪ್ಪತ್ತು ಪಟ್ಟು ಹೆಚ್ಚುತ್ತದೆ ಅಂತ ತೋರಿಸಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದ ಸಂಶೋಧನೆ, ಅದೂ 1998ರಲ್ಲೇ. ಈಗ ಅಂಗಡಿಯಲ್ಲಿ ಸಿಗುವ ಎಷ್ಟೋ ಅರಿಶಿನ ಮಾತ್ರೆಗಳಲ್ಲಿ ಈ ಪೈಪರಿನ್ ಸೇರಿರುತ್ತದೆ. ಒಗ್ಗರಣೆಯ ಚಿಟಿಕೆ ಅರಿಶಿನಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಅವನ್ನು ತಿಂದವರಲ್ಲೂ ಕೆಲವರ ಲಿವರ್ ಕೆಟ್ಟ ಮೇಲೆ, ಅರಿಶಿನ ಮಾತ್ರೆಗಳು ಲಿವರ್‌ಗೆ ಒಳ್ಳೆಯದು ಅಂತ ಹೇಳಿಕೊಳ್ಳುವುದನ್ನು ಇಟಲಿ ಸರ್ಕಾರ 2022ರಲ್ಲಿ ನಿಲ್ಲಿಸಿತು. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಊದಿಸಿಕೊಂಡವರ ವಿಷಯ 2021ರಲ್ಲಿ ಮುಂಬೈ ವೈದ್ಯರು ಬರೆದಿದ್ದರು.

ಗಿಡದಲ್ಲಿ ಮದ್ದಿಲ್ಲ ಅಂತ ನಾನು ಹೇಳುತ್ತಿಲ್ಲ. ಸಕ್ಕರೆ ಕಾಯಿಲೆಯವರು ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲ ಯುರೋಪಿನ ಗಲೇಗಾ ಅನ್ನುವ ಗಿಡ. ಆದರೆ ಆ ಗಿಡದ ಅಂಶ ವಿಷ ಅಂತ ಗೊತ್ತಾಗಿ, ಅದನ್ನು ತಿದ್ದಿ, ಅಳತೆ ಗೊತ್ತು ಮಾಡಿ, ಮಾತ್ರೆಯಾಗಿ ಕೊಡುವುದಕ್ಕೆ ಎಷ್ಟೋ ವರ್ಷ ಹಿಡಿಯಿತು. ಆ ಕೆಲಸ ಆಗದ ಡಬ್ಬಿಗಳನ್ನು ನಾವು ಮನೆಮದ್ದು ಅಂದುಕೊಂಡು ನುಂಗುತ್ತಿದ್ದೇವೆ.

ದಯವಿಟ್ಟು ಇಷ್ಟು ಮಾಡಿ. ಗಿಡದ ಅಂಶ ಲಿವರ್‌ಗೆ ಒಳ್ಳೆಯದು ಅಂತ ಬರೆಯುವಾಗ, ಅದನ್ನು ಇಲಿಗೆ ಕೊಟ್ಟು ನೋಡಿದ್ದಾ, ಮನುಷ್ಯರಿಗಾ, ಎಷ್ಟು ಮಿಲಿಗ್ರಾಂ, ಎಷ್ಟು ದಿನ ಅನ್ನುವುದನ್ನೂ ಹಾಕಿ. ಯಾವುದೇ ಗಿಡಮೂಲಿಕೆ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಡಬ್ಬಿ ಸಮೇತ ತೋರಿಸಿ ಅಂತ ಒಂದು ಸಾಲು ಸೇರಿಸಿ. ನಾನು ಮೂರು ತಿಂಗಳು ಹೇಳಿರಲೇ ಇಲ್ಲ, ಡಾಕ್ಟರೂ ಕೇಳಿರಲಿಲ್ಲ. ಮತ್ತೆ, ಆ ಬರಹದ ಪಕ್ಕದಲ್ಲೇ 'ಲಿವರ್ ಕ್ಲೀನ್' ಡಬ್ಬಿಯ ಜಾಹೀರಾತು ಹಾಕಬೇಡಿ.

ಇಂತಿ,
ನಿಮ್ಮ ಓದುಗ,
ಶಿರಸಿ