ಯಾರಂತೆಯೋ ಹಾಡುವ ಮಗಳಿಗೆ

ಪ್ರೀತಿಯ ಮಗಳೇ,

ನೀನು ಕಳುಹಿಸಿದ ಹಾಡನ್ನು ಕೇಳಿದೆ, ಜೊತೆಗಿದ್ದ ದೂರನ್ನೂ ಓದಿದೆ. ಕೇಳಿದವರೆಲ್ಲ ಅದನ್ನು ಅಮೆರಿಕದ ಗಾಯಕಿ ಟೋರಿ ಏಮಸ್ ಅವರ ನಕಲು ಎಂದರಂತೆ. ಇಂಥದ್ದೇ ಮಾತು ಏಮಸ್ ಅವರಿಗೂ ತಪ್ಪಿರಲಿಲ್ಲ. 1992ರಲ್ಲಿ ಅವರ 'ಲಿಟಲ್ ಅರ್ಥ್‌ಕ್ವೇಕ್ಸ್' ಆಲ್ಬಮ್ ಹೊರಬಂದಾಗ ಅನೇಕ ವಿಮರ್ಶಕರು ಅವರನ್ನು ಬ್ರಿಟನ್ನಿನ ಗಾಯಕಿ ಕೇಟ್ ಬುಷ್ ಅವರಿಗೆ ಹೋಲಿಸಿದರು. ಪಿಯಾನೊ ಮುಂದೆ ಕುಳಿತು ತಾರಸ್ಥಾಯಿಯಲ್ಲಿ ಹಾಡುವ ಹೆಣ್ಣು ಎಂಬಷ್ಟೇ ಹೋಲಿಕೆಗೆ ಸಾಕಾಗಿತ್ತೆಂದು ನನಗನಿಸುತ್ತದೆ.

ಒಳಹೊಕ್ಕು ನೋಡಿದರೆ ಇಬ್ಬರ ದಾರಿ ಬೇರೆಯೇ. ಬುಷ್ 1978ರಲ್ಲಿ ಎಮಿಲಿ ಬ್ರಾಂಟೆಯ 'ವುದರಿಂಗ್ ಹೈಟ್ಸ್' ಕಾದಂಬರಿಯ ನಾಯಕಿಯ ಪ್ರೇತದ ದನಿಯಲ್ಲಿ ಹಾಡಿ, ತಾವೇ ಬರೆದ ಹಾಡಿನಿಂದ ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿದ ಮೊದಲ ಮಹಿಳೆಯಾದರು. 1982ರ ಆಲ್ಬಮ್ಮಿನ ನಿರ್ಮಾಣವನ್ನು ಒಬ್ಬರೇ ನಿಭಾಯಿಸಿ, ಫೇರ್‌ಲೈಟ್ ಎಂಬ, ಶಬ್ದಗಳನ್ನು ಮುದ್ರಿಸಿ ನುಡಿಸುವ ಯಂತ್ರದಿಂದ ವಿಚಿತ್ರ ಶಬ್ದಗಳನ್ನು ಹೊರಡಿಸಿದರು. ಏಮಸ್ ತಮ್ಮ ಮೊದಲ ಏಕವ್ಯಕ್ತಿ ಆಲ್ಬಮ್ಮಿನಲ್ಲೇ, ತಮ್ಮ ಮೇಲೆ ನಡೆದ ಅತ್ಯಾಚಾರದ ಅನುಭವದಿಂದ ಹುಟ್ಟಿದ ಹಾಡನ್ನು ಯಾವ ವಾದ್ಯದ ಆಸರೆಯೂ ಇಲ್ಲದೆ ಹಾಡಿದರು. ಒಬ್ಬರು ಪಾತ್ರವನ್ನು ತೊಟ್ಟರು, ಇನ್ನೊಬ್ಬರು ಅದನ್ನು ಕಳಚಿದರು.

ಹಾಡು ಬರೆಯುವ ಹೆಣ್ಣನ್ನು ಇನ್ನೊಬ್ಬ ಹೆಣ್ಣಿನ ಪಕ್ಕದಲ್ಲಿಟ್ಟೇ ಅಳೆಯುವ ಈ ಚಾಳಿಯನ್ನು ನಾನು ಒಪ್ಪುವುದಿಲ್ಲ. ಕೆನಡಾದ ಗಾಯಕಿ ಜೋನಿ ಮಿಚೆಲ್, ಗಾಯಕಿ ಲಾರಾ ನೈರೊ ಅವರಿಂದಲೂ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರಿಂದಲೂ ಪ್ರೇರಣೆ ಪಡೆದರು. ಮಿಚೆಲ್ ಅವರನ್ನು ಪಾಪ್ ಗಾಯಕ ಪ್ರಿನ್ಸ್ ಆರಾಧಿಸಿದರು. ಪ್ರಭಾವಕ್ಕೆ ಗಂಡು ಹೆಣ್ಣೆಂಬ ಪಂಕ್ತಿಭೇದವಿಲ್ಲ.

ಮಿಚೆಲ್ ಅವರ ವಿಷಯದಲ್ಲಿ ನೀನು ಗಮನಿಸಬೇಕಾದದ್ದು ಇನ್ನೂ ಒಂದಿದೆ. ಬಾಲ್ಯದಲ್ಲಿ ಬಂದ ಪೋಲಿಯೊದಿಂದ ಎಡಗೈ ದುರ್ಬಲವಾಗಿದ್ದ ಕಾರಣ ಅವರು ಗಿಟಾರಿನ ತಂತಿಗಳ ಶ್ರುತಿಯನ್ನೇ ಬದಲಿಸಿಕೊಂಡರು. ಸುಲಭವಾಗಿ ಹೆಸರಿಸಲಾಗದ ಆ ಸ್ವರಮೇಳಗಳು ಹುಟ್ಟಿದ್ದು ಹಾಗೆ. ಆ ಶ್ರುತಿಯನ್ನು ಯಾರು ಬೇಕಾದರೂ ಕಲಿಯಬಹುದು, ಆದರೆ ಅದರ ಹಿಂದಿದ್ದ ಅಗತ್ಯ ಅವರೊಬ್ಬರದೇ. ನಿನ್ನ ಹಾಡನ್ನು ಇದೇ ಒರೆಗೆ ಹಚ್ಚಿದೆ. ಪಲ್ಲವಿಯಲ್ಲಿ ಸಾಲು ಮುಗಿಯುವ ಮೊದಲೇ ತಾಳ ನಿಲ್ಲುವುದು ಏಮಸ್ ಅವರನ್ನು ನೆನಪಿಸಿದರೂ ಅಲ್ಲಿ ಮಾತಾಡುವವಳಿಗೆ ಮುಂದಿನ ಪದ ಸಿಗುತ್ತಿಲ್ಲ, ಆದ್ದರಿಂದ ಅದು ನಿನ್ನದೇ. ಎರಡನೆಯ ಚರಣದಲ್ಲಿ ಕೇಳಿಸುವಂತೆ ಉಸಿರೆಳೆಯುವುದಕ್ಕೆ ಮಾತ್ರ ನನಗೆ ಯಾವ ಕಾರಣವೂ ಕಾಣಲಿಲ್ಲ. ಅದು ಬರಿಯ ಅಭ್ಯಾಸ, ಅದೂ ಏಮಸ್ ಅವರದು.

ರಾಗವನ್ನೇ ಎರವಲು ಪಡೆದಿದ್ದರೆ ಮಾತು ಬೇರೆಯಿತ್ತು. 2021ರಲ್ಲಿ ಗಾಯಕಿ ಒಲಿವಿಯಾ ರೊಡ್ರಿಗೊ, ಇನ್ನೊಬ್ಬ ಗಾಯಕಿ ಟೇಲರ್ ಸ್ವಿಫ್ಟ್ ಅವರ ಹಾಡೊಂದರ ಸ್ವರಗಳನ್ನು ಬಳಸಿಕೊಂಡು, ರಚನೆಕಾರರ ಸಾಲಿನಲ್ಲಿ ಅವರ ಹೆಸರನ್ನೂ ಸೇರಿಸಿದರು. ನಿನ್ನ ಹಾಡಿನಲ್ಲಿ ಅಂಥ ಸಾಲವೇನೂ ಇಲ್ಲ. ಪಲ್ಲವಿಯನ್ನು ಮುಟ್ಟಬೇಡ, ಆ ಚರಣವನ್ನಷ್ಟೇ ಮತ್ತೊಮ್ಮೆ ಧ್ವನಿಮುದ್ರಿಸಿ ಕಳುಹಿಸು.

ಇಂತು,
ನಿನ್ನ ತಂದೆ