ಭಾನುವಾರ ಎ.ಎಸ್.ಐ. ಅಂಕಲ್ ಜೊತೆ ಮಾತುಕತೆ

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು 🙏

ಈ ಭಾನುವಾರ ಆರಾಧನೆ ಮುಗಿದ ಮೇಲೆ, 11 ಗಂಟೆಗೆ, ಚರ್ಚ್ ಹಿಂದಿನ ಹಾಲ್‌ನಲ್ಲಿ ನಮ್ಮ ಎ.ಎಸ್.ಐ. ಅಂಕಲ್ ಮಾತಾಡುತ್ತಾರೆ. ಹೋದ ತಿಂಗಳು ಪೊಲೀಸ್ ಕೆಲಸದಿಂದ ರಿಟೈರ್ ಆದರಲ್ವಾ.

ಸರ್ವಿಸ್‌ನಲ್ಲಿ ಅವರ ಪಾಲಿಗೆ ಜಾಸ್ತಿ ಬಂದದ್ದು ಸಾವಿನ ಸುದ್ದಿ ಮುಟ್ಟಿಸುವ ಕೆಲಸ. ಫೋನಲ್ಲಿ ಹೇಳುತ್ತಿರಲಿಲ್ಲ. ಜೀಪಿನಲ್ಲೇ ಒಂದು ನಿಮಿಷ ಪ್ರಾರ್ಥನೆ ಮಾಡಿ, ಮನೆಯೊಳಗೆ ಟೋಪಿ ತೆಗೆದು, ಕೂತು ಹೇಳುತ್ತಿದ್ದರು. ಅಲ್ಲಿ ಮಾತ್ರ ದೇವರ ಮಾತು ಎತ್ತುತ್ತಿರಲಿಲ್ಲ. 'ಆಗ ಬೇಕಿರೋದು ಒಂದು ಲೋಟ ನೀರು, ಪ್ರಸಂಗ ಅಲ್ಲ' ಅಂತಾರೆ.

ಕಾಗದಪತ್ರದ ವಿಷಯವನ್ನೂ ಹೇಳುತ್ತಾರೆ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ. ಮರಣ ನೋಂದಣಿ 21 ದಿನದೊಳಗೆ ಆಗಬೇಕು. ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೂ ಸಾವಿಗೆ 2 ಲಕ್ಷ ರೂಪಾಯಿ ಪರಿಹಾರ ಇದೆ, ನನಗೇ ಗೊತ್ತಿರಲಿಲ್ಲ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿ ಹೆಸರು ಹಾಕಿ, ಟೀ ಲೆಕ್ಕಕ್ಕೆ. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ ಗುಂಪಿನಲ್ಲಿ ಬರೆಯಬೇಡಿ, ನನಗೊಬ್ಬಳಿಗೇ ಮೆಸೇಜ್ ಮಾಡಿ. ಅಂಕಲ್ ಬೇರೆಯಾಗಿ ಕೂತು ಮಾತಾಡುತ್ತಾರೆ.

ಶಾಲು, ಹಾರ ಬೇಡವಂತೆ. ಸುಮ್ನೆ ತರಬೇಡಿ.